ಹಂಚಿದ ಬೀಜ ಕೈಕೊಟ್ಟಿದ್ದೇಕೆ?

ಪ್ರಶ್ನೆ: ನಮ್ಮ ಮನೆ ಮುಂಬಯಿ ಬಳಿಯ ಡೊಂಬಿವಲಿಯಲ್ಲಿ, ತವರು ಉಡುಪಿಯ ಕಡೆ. ಸೊಸೈಟಿಯ ಟೆರೇಸಿನಲ್ಲಿ ಕುಂಡ, ಡ್ರಮ್ಮುಗಳನ್ನಿಟ್ಟು ತರಕಾರಿ ಬೆಳೆಯುತ್ತೇನೆ. ಕಳೆದ ಜನವರಿಯ ಅರಿಶಿನ ಕುಂಕುಮಕ್ಕೆ ಬಂದ ಗೆಳತಿಯರಿಗೆ ವಾಣವಾಗಿ (ಸಂಕ್ರಾಂತಿಯ ಉಡುಗೊರೆಯಾಗಿ) ಡಬ್ಬಿ, ಬಟ್ಟಲು ಕೊಡುವ ಬದಲು ನಾನೇ ಬೆಳೆದ ಮಂಗಳೂರು ಸೌತೆ, ಮಟ್ಟು ಗುಳ್ಳ ಬದನೆ, ಚಪ್ಪರದವರೆಯ ಬೀಜ ಕೊಟ್ಟೆ. ಅವರೂ ತಮ್ಮಲ್ಲಿದ್ದ ಬೀಜ ಕೊಟ್ಟರು. ಈಗ ದೂರುಗಳೇ ದೂರು. ಅವರೆ ಬಳ್ಳಿ ಟೆರೇಸ್ ತುಂಬಿತು, ಒಂದು ಹೂವೂ ಬಿಡಲಿಲ್ಲ. ಸೌತೆ ಕೆಲವರಲ್ಲಿ ಸರಿಯಾಗಿ ಬಂತು, ಕೆಲವರಲ್ಲಿ ಹಣ್ಣಾಗುತ್ತಲೇ ಬಿರಿದು ಹಿಟ್ಟುಹಿಟ್ಟಾಯಿತು. ಒಬ್ಬರು ಕೊಟ್ಟ ಸೋರೆ ಬೀಜದಿಂದ ಬಂದ ಕಾಯಿಗಳೆಲ್ಲ ವಿಪರೀತ ಕಹಿ. ಹಾಗಲ ಬಳ್ಳಿಯ ಪಕ್ಕ ಹಾಕಿದ್ದಕ್ಕೆ ಹಾಗಾಯಿತು ಎನ್ನುತ್ತಾರೆ. ಜೂನ್‌ನಲ್ಲಿ ಬಿತ್ತಿದವರಿಗೆ ಮೊಳಕೆಯೇ ಬರಲಿಲ್ಲ. ಹೈಬ್ರಿಡ್ ಬೀಜ ಉಳಿಸಿ ಬಿತ್ತಿದರೆ ವಿಷವಂತೆ, ಬೀಜ ಹಂಚುವುದು ಕಾನೂನಿಗೆ ವಿರುದ್ಧವಂತೆ ಎಂಬ ಮಾತುಗಳೂ ಬಂದಿವೆ. ನನ್ನ ಬಳಿ ಉಳಿದಿರುವುದು ನಿಜವಾದ ಮಟ್ಟು ಗುಳ್ಳವೇ ಎಂಬ ಅನುಮಾನ ನನಗೂ ಶುರುವಾಗಿದೆ. ಈ ಸಂಕ್ರಾಂತಿಗೆ ಬೀಜ ಕೊಡಲೇ, ಬೇಡವೇ?

ಉತ್ತರ: ಕೊಡಿ. ಆದರೆ ಕೆಲವನ್ನು ಕೊಡಬೇಡಿ, ಉಳಿದವನ್ನು ಬೇರೆ ರೀತಿಯಲ್ಲಿ ಕೊಡಿ. ನೀವು ಬರೆದ ದೂರುಗಳೆಲ್ಲ ಒಂದೇ ಸಂಚಿಯಿಂದ ಬಂದಂತೆ ಕಂಡರೂ ಪ್ರತಿಯೊಂದರ ಕಾರಣ ಬೇರೆ. ಒಂದಕ್ಕೆ ಜೇನುನೊಣ, ಇನ್ನೊಂದಕ್ಕೆ ಹಗಲಿನ ಉದ್ದ, ಮತ್ತೊಂದಕ್ಕೆ ಮುಂಬಯಿಯ ಗಾಳಿ. ಬೀಜ ಪರೀಕ್ಷೆಯ ಕೆಲಸದಲ್ಲಿ ನಾನು ಬಹುಕಾಲ ಕಂಡದ್ದೂ ಇದನ್ನೇ. ಕೈಕೊಟ್ಟ ಬೀಜದ ಜೊತೆ ಅದರ ಚರಿತ್ರೆಯೂ ಬಂದಿದ್ದರೆ ಅರ್ಧ ಗೊಂದಲ ಹುಟ್ಟುತ್ತಲೇ ಇರಲಿಲ್ಲ.

ಮೊದಲು ಸೋರೆ, ಏಕೆಂದರೆ ಅದು ಪ್ರಾಣಕ್ಕೆ ಸಂಬಂಧಿಸಿದ ವಿಷಯ. ಆ ಬಳ್ಳಿ ಇನ್ನೂ ಇದ್ದರೆ ಇಂದೇ ಕಿತ್ತುಹಾಕಲು ಹೇಳಿ. ಅದರ ಬೀಜ ಯಾರ ಮನೆಯಲ್ಲಿದ್ದರೂ ಎಸೆಯಬೇಕು. ಸೋರೆಯ ಕಹಿಗೆ ಕಾರಣ ಕುಕುರ್ಬಿಟಾಸಿನ್ ಎಂಬ ವಸ್ತು. ಬೇಯಿಸಿದರೆ ಅದು ಹೋಗುವುದಿಲ್ಲ, ಉಪ್ಪು ಹಚ್ಚಿಟ್ಟರೂ ಹೋಗುವುದಿಲ್ಲ. ಕಹಿ ಸೋರೆಯ ರಸ ಕುಡಿದು ವಾಂತಿ, ಹೊಟ್ಟೆನೋವು, ರಕ್ತಸ್ರಾವವಾಗಿ ಜನ ಸತ್ತ ಪ್ರಕರಣಗಳು ನಮ್ಮ ದೇಶದಲ್ಲೇ ನಡೆದಿವೆ. ಇದಕ್ಕೆ ಪ್ರತ್ಯೇಕ ಪ್ರತಿವಿಷವಿಲ್ಲ. ತಿಂದವರಿಗೆ ವಾಂತಿ ಶುರುವಾದರೆ ಮನೆಮದ್ದಿನಲ್ಲಿ ಹೊತ್ತು ಕಳೆಯದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಊರಿನಲ್ಲಿ ಸೌತೆಕಾಯಿ ಹೆಚ್ಚುವಾಗ ತುಣುಕೊಂದನ್ನು ನಾಲಿಗೆಗೆ ಮುಟ್ಟಿಸಿ ನೋಡುವ ಅಭ್ಯಾಸ ನಿಮಗೆ ಗೊತ್ತೇ ಇದೆ. ಸೋರೆಗೂ ಹೀರೆಗೂ ಅದೇ ಮಾಡಿ, ಕಹಿ ಎನಿಸಿದರೆ ಉಗುಳಿ, ಇಡೀ ಕಾಯಿಯನ್ನು ಬಿಟ್ಟುಬಿಡಿ.

ಹಾಗಲದ ಮೇಲೆ ಹೊರಿಸಿದ ಆರೋಪ ಮಾತ್ರ ಸುಳ್ಳು. ಹಾಗಲ ಮತ್ತು ಸೋರೆ ಬೇರೆ ಬೇರೆ ಕುಲದ ಗಿಡಗಳು, ಒಂದರ ಪರಾಗದಿಂದ ಇನ್ನೊಂದು ಕಾಯಿ ಕಟ್ಟುವುದಿಲ್ಲ. ಚಪ್ಪರ ಒಂದೇ ಆದರೂ ರುಚಿ ದಾಟುವುದಿಲ್ಲ. ಇನ್ನೂ ಒಂದು ಮಾತು. ಒಂದೇ ಜಾತಿಯೊಳಗೆ ಬೆರಕೆಯಾದರೂ ಅದರ ಫಲ ಈ ವರ್ಷದ ಕಾಯಿಯಲ್ಲಿ ಕಾಣುವುದಿಲ್ಲ. ನಾವು ತಿನ್ನುವ ತಿರುಳು ತಾಯಿಗಿಡದ ಅಂಗ. ಬೆರಕೆ ಅಡಗಿರುವುದು ಒಳಗಿನ ಬೀಜದಲ್ಲಿ, ಅದು ಬಯಲಾಗುವುದು ಆ ಬೀಜ ಬಿತ್ತಿ ಬೆಳೆದ ಮುಂದಿನ ಬಳ್ಳಿಯ ಕಾಯಿಯಲ್ಲಿ. ಆದ್ದರಿಂದ ನಿಮ್ಮ ಗೆಳತಿಯ ಬಳ್ಳಿಯ ತಪ್ಪು ಅವರ ಟೆರೇಸಿನಲ್ಲಿ ಆದದ್ದಲ್ಲ, ಅದಕ್ಕೂ ಹಿಂದೆ ಆದದ್ದು. ಆ ಬೀಜ ಮೊದಲು ಎಲ್ಲಿಂದ ಬಂತೆಂದು ವಿಚಾರಿಸಿ. ಕರಕುಶಲ ಮೇಳದಲ್ಲಿ ಕೊಂಡ ಒಣ ಬುರುಡೆಯನ್ನು ಅಲುಗಿಸಿ ತೆಗೆದ ಬೀಜವೆಂಬ ಉತ್ತರ ಬಂದರೆ ನನಗೆ ಆಶ್ಚರ್ಯವಾಗದು. ತಂಬೂರಿ, ಸಿತಾರಿಗೆಂದು ಪಂಢರಪುರದ ಸುತ್ತ ಬೆಳೆದು ಮೀರಜಿಗೆ ಹೋಗುವ ದಪ್ಪ ಬುರುಡೆಗಳೂ ಸೋರೆಯ ಜಾತಿಯವೇ, ಆದರೆ ಅವು ಕಹಿ ತಳಿ. ಅಡುಗೆಯ ಸೋರೆಗೆ ಅಂಥ ತಳಿಯ ಪರಾಗ ತಗುಲಿದರೂ ಮುಂದಿನ ತಲೆಮಾರು ಕಹಿಯಾಗುತ್ತದೆ. ಬಿಸಿಲು, ನೀರಿನ ಕೊರತೆಯಿಂದಲೂ ಒಂದೆರಡು ಕಾಯಿ ಕಹಿಯಾಗುವುದುಂಟು. ಆದರೆ ಮೊದಲ ಕಾಯಿಯಿಂದ ಕೊನೆಯದರವರೆಗೆ ಎಲ್ಲವೂ ಕಹಿ ಎಂದರೆ ದೋಷ ಬೀಜದಲ್ಲೇ ಇದೆ.

ಈಗ ನಿಮ್ಮ ಸೌತೆ. ಹಣ್ಣಾದಾಗ ಬಿರಿಯಿತು, ತಿರುಳು ಹಿಟ್ಟುಹಿಟ್ಟಾಯಿತು ಎಂದು ಓದುತ್ತಲೇ ನನಗೆ ನೆನಪಾದದ್ದು ಚಿಬೂಡ್, ನಮ್ಮ ಕರಾವಳಿಯವರು ಚಿಬ್ಬಡ ಎನ್ನುವ ಹಣ್ಣು. ಕೊಂಕಣದವರಿಗೆ ಅದು ಮಳೆಗಾಲದ ಪ್ರೀತಿಯ ಹಣ್ಣು, ಗಣೇಶ ಚೌತಿಯ ಹೊತ್ತಿಗೆ ಮುಂಬಯಿ ಮಾರುಕಟ್ಟೆಗೂ ಬರುತ್ತದೆ. ಮಂಗಳೂರು ಸೌತೆಯನ್ನು ನಾವು ಸೌತೆ ಎಂದರೂ ಸಸ್ಯಶಾಸ್ತ್ರದ ಲೆಕ್ಕದಲ್ಲಿ ಅದು ಕರ್ಬೂಜದ ಜಾತಿಗೆ ಸೇರಿದ್ದು, ಚಿಬೂಡ್ ಕೂಡ ಅದೇ ಜಾತಿ. ಜೇನುನೊಣಕ್ಕೆ ಎರಡರ ಹೂವೂ ಒಂದೇ. ನೀವು ಬೀಜ ಹಂಚುವುದಕ್ಕೂ ಹಿಂದಿನ ಮಳೆಗಾಲದಲ್ಲಿ ನಿಮ್ಮ ಟೆರೇಸಿನಲ್ಲೋ ಪಕ್ಕದ ಕಟ್ಟಡದಲ್ಲೋ ರತ್ನಾಗಿರಿ ಕಡೆಯವರು ಯಾರಾದರೂ ಚಿಬೂಡ್ ಹಾಕಿದ್ದರೇ ಎಂದು ಕೇಳಿ ನೋಡಿ. ನಿಮ್ಮ ಕಾಯಿಗಳು ಆ ವರ್ಷ ಅಚ್ಚ ಮಂಗಳೂರು ಸೌತೆಯಾಗಿಯೇ ಕಂಡಿರುತ್ತವೆ. ಒಂದೇ ಬಳ್ಳಿಯ ಕೆಲವು ಹೂವಿಗೆ ತನ್ನದೇ ಪರಾಗ, ಕೆಲವಕ್ಕೆ ಚಿಬೂಡಿನ ಪರಾಗ ಬಿದ್ದಿರುತ್ತದೆ. ಅದಕ್ಕೇ ಕೆಲವರಲ್ಲಿ ಸರಿ ಬಂತು, ಕೆಲವರಲ್ಲಿ ಬಿರಿಯಿತು. ಹಸಿಯಾಗಿ ತಿನ್ನುವ ಎಳೆ ಸೌತೆಯಿಂದಾಗಲಿ, ಕೊಂಕಣದ ದೊಡ್ಡ ತವಸೆಯಿಂದಾಗಲಿ ನಿಮ್ಮ ಸೌತೆಗೆ ಭಯವಿಲ್ಲ. ಜೀವಕೋಶದಲ್ಲಿ ವಂಶಗುಣ ಹೊರುವ ವರ್ಣತಂತುಗಳ ಸಂಖ್ಯೆ ಅವುಗಳಲ್ಲಿ 14, ನಿಮ್ಮದರದು 24. ಅವು ಕೂಡುವುದಿಲ್ಲ.

ಪ್ರಮಾಣಿತ ಬೀಜ ಬೆಳೆಯುವವರು ಬಳ್ಳಿ ತರಕಾರಿಗಳ ತಳಿಗಳ ನಡುವೆ ಕನಿಷ್ಠ 500 ಮೀಟರ್ ಅಂತರ ಬಿಡಬೇಕೆಂಬ ನಿಯಮವಿದೆ. ಡೊಂಬಿವಲಿಯಲ್ಲಿ 500 ಮೀಟರ್ ಎಂದರೆ ಎಷ್ಟು ಕಟ್ಟಡ, ಎಷ್ಟು ಗ್ಯಾಲರಿ! ಅಂತರದ ಬದಲು ನಮಗೆ ಉಳಿದಿರುವುದು ಕೈ. ಸಂಜೆ ಬಳ್ಳಿಯ ಮುಂದೆ ನಿಂತು, ತುದಿಯಲ್ಲಿ ಹಳದಿ ಇಣುಕಿದ, ಮರುದಿನ ಅರಳಲಿರುವ ಮೊಗ್ಗುಗಳನ್ನು ಹುಡುಕಿ. ಬುಡದಲ್ಲಿ ನವಿರು ರೋಮದ ಪುಟ್ಟ ಮಿಡಿ ಇದ್ದರೆ ಅದು ಹೆಣ್ಣು, ಬರೀ ತೊಟ್ಟಿದ್ದರೆ ಗಂಡು. ಎರಡು ಬಗೆಯ ಮೊಗ್ಗುಗಳ ತುದಿಯನ್ನೂ ದಾರದಿಂದ ಸಡಿಲವಾಗಿ ಕಟ್ಟಿಬಿಡಿ. ಮರುದಿನ ಬೆಳಿಗ್ಗೆ, ಬಿಸಿಲೇರುವ ಮೊದಲು, ಗಂಡು ಹೂವನ್ನು ಕಿತ್ತು ಎಸಳು ಬಿಡಿಸಿದರೆ ನಡುವಿನ ಹಳದಿ ಹುಡಿ ಬೆರಳಿಗೆ ಅಂಟುತ್ತದೆ. ಹೆಣ್ಣು ಹೂವಿನ ಕಟ್ಟು ಬಿಚ್ಚಿ, ಆ ಹುಡಿಯನ್ನು ಅದರ ನಡುವಿನ ಅಂಟು ಗುಬುಟಿಗೆ ಮೆಲ್ಲಗೆ ಒತ್ತಿ, ಮತ್ತೆ ಕಟ್ಟಿ. ಆ ಕಾಯಿಯ ತೊಟ್ಟಿಗೆ ಕೆಂಪು ದಾರ ಕಟ್ಟಿ, ಬೀಜಕ್ಕೆ ಅದೊಂದನ್ನೇ ಉಳಿಸಿ. ಮಿಕ್ಕ ಕಾಯಿಗಳೆಲ್ಲ ಹುಳಿಗೆ, ಪಲ್ಯಕ್ಕೆ. ಸೋರೆ, ಹೀರೆ, ಪಡವಲದ ಹೂವು ಅರಳುವುದು ಸಂಜೆ, ಆದ್ದರಿಂದ ಅವಕ್ಕೆ ಮಧ್ಯಾಹ್ನವೇ ಮೊಗ್ಗು ಕಟ್ಟಿ ಸಂಜೆ ಕೈಯಾಡಿಸಬೇಕು. ಇದರಲ್ಲಿ ಎಲ್ಲ ಹೂವೂ ಕಾಯಾಗದು. ಮಳೆ ಹೊಡೆದರೆ ಹುಡಿ ಒದ್ದೆಯಾಗಿ ಶ್ರಮ ವ್ಯರ್ಥವಾಗುತ್ತದೆ. ನಾಲ್ಕೈದು ಹೂವಿಗೆ ಮಾಡಿ, ಒಂದೆರಡು ನಿಂತರೆ ಸಾಕು. ಒಂದು ಸೌತೆಯಲ್ಲಿ ನಿಮ್ಮ ಬಳಗಕ್ಕೆಲ್ಲ ಹಂಚಿ ಮಿಗುವಷ್ಟು ಬೀಜವಿರುತ್ತದೆ.

ಅವರೆಯದು ಬೇರೆಯೇ ಕಥೆ, ಅದರಲ್ಲಿ ಯಾರ ತಪ್ಪೂ ಇಲ್ಲ. ಹಳೆಯ ಚಪ್ಪರದವರೆ ತಳಿಗಳು ಹಗಲು ಚಿಕ್ಕದಾದಾಗ ಮಾತ್ರ ಹೂವಿಗೆ ತಿರುಗುತ್ತವೆ. ಮುಂಬಯಿಯಲ್ಲಿ ಡಿಸೆಂಬರ್‌ನ ಹಗಲು ಸುಮಾರು 11 ಗಂಟೆ, ಜೂನ್‌ನದು 13 ಗಂಟೆಗೂ ಹೆಚ್ಚು. ಸಂಕ್ರಾಂತಿಯ ವಾಣದಲ್ಲಿ ಸಿಕ್ಕ ಬೀಜವನ್ನು ಉತ್ಸಾಹದಿಂದ ಆ ವಾರವೇ ಊರಿದರೆ, ಗಿಡ ಬಲಿಯುವ ಹೊತ್ತಿಗೆ ಹಗಲು ಉದ್ದವಾಗಿರುತ್ತದೆ. ಬಳ್ಳಿ ಎಲೆ ಬಿಡುತ್ತಲೇ ಹೋಗುತ್ತದೆ. ಇನ್ನೂ ಕಿತ್ತಿಲ್ಲದಿದ್ದರೆ ಬಳ್ಳಿಯನ್ನು ಸವರಿ ಬಿಡಿ, ಚಳಿ ಬಂದಾಗ ಹೂವು ಕಾಣಬಹುದು. ರಾತ್ರಿಯಿಡೀ ಬೀದಿದೀಪದ ಬೆಳಕು ಬೀಳುವ ಗ್ಯಾಲರಿಯಾದರೆ ಅದೂ ಹೂವನ್ನು ತಡೆಯುತ್ತದೆ. ಮಳೆಗಾಲದ ನಡುವೆ ಊರುವುದು ಸರಿಯಾದ ಕಾಲ. ವರ್ಷವಿಡೀ ಬೇಕೆನ್ನುವವರು ಹಗಲಿನ ಹಂಗಿಲ್ಲದ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ಅಥವಾ ಹೆಸರಘಟ್ಟದ ಅರ್ಕಾ ಜಯ್ ತಳಿ ಹಾಕಲಿ. ಅವು ಗಿಡ್ಡ ಗಿಡಗಳು, ಕುಂಡಕ್ಕೆ ಅನುಕೂಲ. ತವರಿನ ಬಳ್ಳಿಯ ರುಚಿ ಅದರಲ್ಲಿ ಸಿಗುವುದಿಲ್ಲ.

ಜೂನ್‌ನಲ್ಲಿ ಮೊಳೆಯದ ಬೀಜ ಹೆಚ್ಚಿನ ಮಟ್ಟಿಗೆ ಪೊಟ್ಟಣದಲ್ಲೇ ಸತ್ತಿತ್ತು. ನಾನು ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳಬೇಕಾದದ್ದು ಇದನ್ನೇ. ಬೀಜವೆಂದರೆ ಉಸಿರಾಡುವ ಜೀವ. ಸುತ್ತಲಿನ ಗಾಳಿಯಲ್ಲಿ ಎಷ್ಟು ತೇವವಿದೆಯೋ ಅದಕ್ಕೆ ತಕ್ಕಷ್ಟನ್ನು ಅದು ಹೀರಿಕೊಳ್ಳುತ್ತದೆ. ಗಾಳಿಯ ಆರ್ದ್ರತೆ ಶೇ. 80 ದಾಟುವ ಮುಂಬಯಿ ಮಳೆಗಾಲದಲ್ಲಿ ತೆರೆದಿಟ್ಟ ಅವರೆ, ಅಲಸಂದೆಯ ಬೀಜ ಸುಮಾರು ಶೇ. 15ರಷ್ಟು ತೇವಕ್ಕೆ ಏರುತ್ತದೆ. ಅಷ್ಟು ತೇವ, ಮೇಲಿಂದ 30 ಡಿಗ್ರಿ ಸೆಖೆ. ಕೆಲವೇ ತಿಂಗಳಲ್ಲಿ ಬೂಷ್ಟು, ಮುಗ್ಗಲು ವಾಸನೆ, ಜೀವವಿಲ್ಲದ ಬೀಜ. ತೇವ ಶೇ. 1ರಷ್ಟು ಇಳಿದರೆ ಬೀಜದ ಆಯಸ್ಸು ಸುಮಾರು ದುಪ್ಪಟ್ಟಾಗುತ್ತದೆ, ಉಷ್ಣತೆ 5 ಡಿಗ್ರಿ ಇಳಿದರೂ ಹಾಗೆಯೇ. ಗಾಳಿಯಾಡದ ಡಬ್ಬಿಯಲ್ಲಿಡುವ ಟೊಮೆಟೊ, ಬದನೆ ಬೀಜದ ತೇವ ಶೇ. 6 ಮೀರಬಾರದೆಂಬುದು ಬೀಜ ಪ್ರಮಾಣೀಕರಣದ ನಿಯಮ. ನಾನಿರುವ ಪುಣೆಯಲ್ಲಿ ಮಳೆ ಮುಂಬಯಿಯ ಮೂರನೆಯ ಒಂದು ಭಾಗದಷ್ಟು, ಇಲ್ಲಿ ಕಾಗದದ ಪೊಟ್ಟಣವೂ ಹೇಗೋ ಒಂದು ವರ್ಷ ದಾಟಿಸುತ್ತದೆ. ನಿಮ್ಮಲ್ಲಿ ಅದು ನಡೆಯುವುದಿಲ್ಲ.

ನಿಮ್ಮ ಅಜ್ಜಿ ಸೌತೆಕಾಯಿಗೆ ಬಾಳೆನಾರು ಕಟ್ಟಿ ಅಡುಗೆಮನೆಯ ಜಂತಿಗೆ ನೇತುಹಾಕುತ್ತಿದ್ದದ್ದು, ಬೀಜವನ್ನು ಬೂದಿಯಲ್ಲಿ ಹೊರಳಿಸುತ್ತಿದ್ದದ್ದು ಇದೇ ತೇವದ ವಿರುದ್ಧ. ಒಲೆಯ ಬಿಸಿ ಗಾಳಿ ಮೇಲೆ ಒಣಹವೆ ಕಟ್ಟುತ್ತಿತ್ತು, ಹೊಗೆಗೆ ಹುಳು ಬರುತ್ತಿರಲಿಲ್ಲ, ಒಣ ಬೂದಿ ತೇವ ಎಳೆದುಕೊಳ್ಳುತ್ತಿತ್ತು. ಫ್ಲಾಟಿನಲ್ಲಿ ಒಲೆಯಿಲ್ಲ, ಅದಕ್ಕೆ ಬದಲಿ ಇದೆ. ಬೀಜವನ್ನು ಫ್ಯಾನಿನ ಕೆಳಗೆ, ನೆರಳಿನಲ್ಲಿ ಒಂದು ವಾರ ಹರಡಿ ಒಣಗಿಸಿ. ಅನಂತರ ಬಿಗಿಮುಚ್ಚಳದ ಗಾಜಿನ ಬಾಟಲಿಯಲ್ಲಿ, ಬಟ್ಟೆಯ ಗಂಟಿನಲ್ಲಿ ಕಟ್ಟಿದ ಬೀಜದ ಜೊತೆ ಅಷ್ಟೇ ತೂಕದ ಸಿಲಿಕಾ ಜೆಲ್ ಇಟ್ಟು ಒಂದು ವಾರ ಮುಚ್ಚಿಡಿ. ಸಿಲಿಕಾ ಸಿಗದಿದ್ದರೆ ಚೆನ್ನಾಗಿ ಹುರಿದು, ಮುಚ್ಚಿದ ಡಬ್ಬಿಯಲ್ಲೇ ಆರಿಸಿದ ಅಕ್ಕಿಯನ್ನು ಹೆಚ್ಚಿನ ಪ್ರಮಾಣದಲ್ಲಿ ಬಳಸಿ. ಒಣಗಿದೆಯೋ ಇಲ್ಲವೋ ತಿಳಿಯಲು ಸೌತೆ ಬೀಜವನ್ನು ಬಗ್ಗಿಸಿ. ಬಾಗಿದರೆ ಇನ್ನೂ ತೇವವಿದೆ, ಚಟ್ಟನೆ ಮುರಿದರೆ ಒಣಗಿದೆ. ಅವರೆ ಬೀಜಕ್ಕೆ ಉಗುರಿನ ಗುರುತು ಬೀಳಬಾರದು. ಆಮೇಲೆ ಸಣ್ಣ ಬಾಟಲಿಗೆ ತುಂಬಿ ಫ್ರಿಜ್ಜಿನಲ್ಲಿಡಿ. ಹೊರಗೆ ತೆಗೆದ ಕೂಡಲೇ ಮುಚ್ಚಳ ತೆರೆಯಬೇಡಿ, ತಣ್ಣನೆಯ ಬೀಜದ ಮೇಲೆ ಹನಿ ಕಟ್ಟಿ ಮಾಡಿದ್ದೆಲ್ಲ ಹಾಳಾಗುತ್ತದೆ. ಬಾಟಲಿ ಕೋಣೆಯ ಬಿಸಿಗೆ ಬರಲಿ, ಆಮೇಲೆ ತೆರೆಯಿರಿ. ಸರಿಯಾಗಿ ಒಣಗದ ಬೀಜವನ್ನು ಫ್ರಿಜ್ಜಿಗಿಟ್ಟರೆ ಪೂರ್ತಿ ಪ್ರಯೋಜನ ಸಿಗದು.

ಹಂಚುವ ಮೊದಲು ಹತ್ತು ಬೀಜವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ನೋಡಿ. ಏಳು ಮೊಳೆತರೆ ಕೊಡಬಹುದು. ಮೂರೇ ಮೊಳೆತರೆ ಕೊಡಬೇಡಿ, ನೀವೇ ದಟ್ಟವಾಗಿ ಬಿತ್ತಿ ಹೊಸ ಬೀಜ ಮಾಡಿಕೊಳ್ಳಿ.

ಹೈಬ್ರಿಡ್ ವಿಷ ಎಂಬುದು ಪೂರ್ತಿ ಸುಳ್ಳು. ಹೈಬ್ರಿಡ್ ಟೊಮೆಟೊದ ಬೀಜ ಮೊಳೆಯುತ್ತದೆ, ಕಾಯಿ ಬಿಡುತ್ತದೆ, ತಿನ್ನಲೂ ಬರುತ್ತದೆ. ಆದರೆ ಎರಡು ತಳಿ ಕೂಡಿಸಿ ಮಾಡಿದ್ದರಿಂದ ಮುಂದಿನ ಪೀಳಿಗೆಯಲ್ಲಿ ಒಂದೊಂದು ಗಿಡ ಒಂದೊಂದು ಬಗೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯದೇ ಅರ್ಕಾ ರಕ್ಷಕ್ ಟೊಮೆಟೊ ಹೈಬ್ರಿಡ್, ಅದರ ಬೀಜ ಉಳಿಸಿ ಹಂಚಬೇಡಿ. ಅದೇ ಸಂಸ್ಥೆಯ ಅರ್ಕಾ ವಿಕಾಸ್ ಟೊಮೆಟೊ, ಅರ್ಕಾ ಅನಾಮಿಕ ಬೆಂಡೆ ಹೈಬ್ರಿಡ್ ಅಲ್ಲ, ಅವುಗಳ ಬೀಜ ಉಳಿಸಬಹುದು. ಮೊಳೆಯದಂತೆ ಮಾಡಿದ ಬೀಜದ ತಂತ್ರಕ್ಕೆ ಅಮೆರಿಕದಲ್ಲಿ 1998ರಲ್ಲಿ ಪೇಟೆಂಟ್ ಸಿಕ್ಕಿದ್ದು ನಿಜ, ಆದರೆ ಅದು ಮಾರುಕಟ್ಟೆಗೆ ಬರಲೇ ಇಲ್ಲ. ಕುಲಾಂತರಿ ಬದನೆಗೂ 2010ರಲ್ಲೇ ತಡೆ ಬಿದ್ದಿದೆ. ಅಂಗಡಿಯ ಪೊಟ್ಟಣದಲ್ಲಿ ಗುಲಾಬಿ, ನೀಲಿ ಬಣ್ಣ ಬಳಿದ ಬೀಜ ಮಾತ್ರ ನಿಜಕ್ಕೂ ವಿಷ, ಅದು ಶಿಲೀಂಧ್ರನಾಶಕದ ಲೇಪ. ಅದನ್ನು ಮಕ್ಕಳ ಕೈಗೆ ಸಿಗದಂತೆ ಇಡಿ.

ಕಾನೂನಿನ ಭಯವನ್ನೂ ಬಿಡಿ. 1966ರ ಬೀಜ ಕಾಯ್ದೆಯೇ, ತಾನು ಬೆಳೆದ ಬೀಜವನ್ನು ತನ್ನ ಜಾಗದಲ್ಲಿ ಇನ್ನೊಬ್ಬರಿಗೆ ಬಿತ್ತನೆಗೆ ನೇರವಾಗಿ ಕೊಡುವುದನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕು ಕಾಯ್ದೆ ಬೀಜ ಉಳಿಸುವ, ವಿನಿಮಯ ಮಾಡುವ ರೈತರ ಹಕ್ಕನ್ನು ಎತ್ತಿಹಿಡಿದಿದೆ. ಸಂರಕ್ಷಿತ ತಳಿಯನ್ನು ಬ್ರಾಂಡ್ ಹೆಸರು ಹಚ್ಚಿ ಮಾರುವಂತಿಲ್ಲ ಅಷ್ಟೆ. ವಿದೇಶದಿಂದ ಮಕ್ಕಳು ಚೀಲದಲ್ಲಿ ಹಾಕಿಕೊಂಡು ತರುವ ಬೀಜ ಮಾತ್ರ ಬೇಡ. ಅದಕ್ಕೆ 2003ರ ಸಸ್ಯ ಸಂಪರ್ಕ ನಿಷೇಧ (ಪ್ಲಾಂಟ್ ಕ್ವಾರಂಟೈನ್) ಆದೇಶದ ಪ್ರಕಾರ ಪರವಾನಗಿ ಬೇಕು, ಮತ್ತು ಆ ನಿಯಮಕ್ಕೆ ಸಕಾರಣವಿದೆ. ರೋಗ ಬೀಜದ ಜೊತೆ ಪ್ರಯಾಣ ಮಾಡುತ್ತದೆ.

ಆ ರೋಗದ ಮಾತು ನಿಮ್ಮ ಬಳಗಕ್ಕೂ ಅನ್ವಯಿಸುತ್ತದೆ. ಹುರುಳಿಕಾಯಿ, ಅಲಸಂದೆಗೆ ಬರುವ ಕೆಲವು ಮೊಸಾಯಿಕ್ ನಂಜುಗಳು, ಬದನೆಯ ಹಣ್ಣುಕೊಳೆ, ಮೆಣಸಿನಕಾಯಿಯ ಚಿಬ್ಬುರೋಗ ಇವೆಲ್ಲ ಬೀಜದಲ್ಲಿ ಕುಳಿತು ಬರುತ್ತವೆ. ಎಲೆ ಮುರುಟಿದ, ಕಾಯಿ ಕೊಳೆತ ಗಿಡದ ಬೀಜ ಯಾರಿಗೂ ಕೊಡಬೇಡಿ. ಬೆಂಡೆಯ ಹಳದಿ ನರದ ರೋಗ ಹರಡುವುದು ಮುಖ್ಯವಾಗಿ ಬಿಳಿನೊಣದಿಂದ, ಅದಕ್ಕೆ ಬೀಜ ಕೊಟ್ಟವರನ್ನು ದೂರುವುದು ಸಲ್ಲ.

ಹಾಗಾದರೆ ಮುಂದೆ ಹೇಗೆ? ನನಗೆ ಸರಿ ಕಾಣುವ ದಾರಿ, ಒಂದು ಮನೆ ಒಂದು ತಳಿಯ ಹೊಣೆ ಹೊರುವುದು. ನೀವು ಸೌತೆ, ಇನ್ನೊಬ್ಬರು ಹೀರೆ, ಮತ್ತೊಬ್ಬರು ಸೋರೆ, ಕೈಯಿಂದ ಪರಾಗ ಹಾಕಿ ಬೀಜ ಮಾಡುವುದು ಅವರವರ ಕೆಲಸ. ಅಕೋಲೆ ತಾಲೂಕಿನ ರಾಹೀಬಾಯಿ ಪೋಪೆರೆ ಅವರು ಊರ ತಳಿಗಳನ್ನು ಉಳಿಸಿ 2020ರ ಪದ್ಮಶ್ರೀ ಪಡೆದದ್ದು ನಿಮ್ಮ ಬಳಗದ ಮರಾಠಿ ಗೆಳತಿಯರಿಗೆ ಗೊತ್ತಿರುತ್ತದೆ. ಅಂಥ ಬೀಜ ಬ್ಯಾಂಕುಗಳ ಬಲವೂ ಯಾರ ಬಳಿ ಏನಿದೆ ಎಂಬ ಸ್ಪಷ್ಟತೆಯೇ. ಈ ದಾರಿಯ ಅಪಾಯವೆಂದರೆ ಹೊಣೆ ಹೊತ್ತವರ ಗಿಡ ಸತ್ತರೆ ತಳಿಯೇ ಹೋಗುತ್ತದೆ. ಆದ್ದರಿಂದ ಬೀಜದ ಅರ್ಧ ಭಾಗ ಇನ್ನೊಂದು ಮನೆಯ ಫ್ರಿಜ್ಜಿನಲ್ಲಿರಲಿ. ಅಷ್ಟು ಶ್ರಮ ಬೇಡ ಎನ್ನುವವರು ತನ್ನಷ್ಟಕ್ಕೆ ಪರಾಗಸ್ಪರ್ಶವಾಗುವ ಅಲಸಂದೆ, ಹುರುಳಿಕಾಯಿ, ಟೊಮೆಟೊಗಳನ್ನು ಮಾತ್ರ ಹಂಚಿಕೊಳ್ಳಲಿ, ಅವುಗಳಲ್ಲಿ ಬೆರಕೆ ತೀರ ಕಡಿಮೆ. ಬಸಳೆ, ದೊಡ್ಡಪತ್ರೆಯಂಥವು ದಂಟಿನಿಂದಲೇ ಬರುತ್ತವೆ, ಬೆರಕೆಯ ಪ್ರಶ್ನೆಯೇ ಇಲ್ಲ. ಆದರೆ ದಂಟಿನ ಜೊತೆ ಹಿಟ್ಟುತಿಗಣೆ ಬರುತ್ತದೆ, ತೊಳೆದು ಕೊಡಿ. ಏನೇ ಕೊಟ್ಟರೂ ಪೊಟ್ಟಣದ ಮೇಲೆ ತಳಿ, ಮೂಲ ಊರು, ಬೀಜ ತೆಗೆದ ತಿಂಗಳು, ಯಾವ ತಿಂಗಳಲ್ಲಿ ಬಿತ್ತಬೇಕು, ಪಕ್ಕದಲ್ಲಿ ಅದೇ ಜಾತಿಯ ಬೇರೇನು ಹೂ ಬಿಟ್ಟಿತ್ತು ಎಂದು ಬರೆಯಿರಿ. ಕೊನೆಯ ಸಾಲನ್ನು ಯಾರೂ ಬರೆಯುವುದಿಲ್ಲ, ನಿಮ್ಮ ಸೌತೆಗೆ ಬೇಕಿದ್ದದ್ದು ಅದೇ.

ಇನ್ನು ಮಟ್ಟು ಗುಳ್ಳ. ಬದನೆ ಬಹುಪಾಲು ತನ್ನದೇ ಪರಾಗದಿಂದ ಕಾಯಿ ಕಟ್ಟುತ್ತದೆ, ಆದರೂ ದುಂಬಿಗಳು ಒಂದಿಷ್ಟು ಬೆರಕೆ ಮಾಡುತ್ತವೆ. ಪಕ್ಕದ ಕುಂಡದಲ್ಲಿ ಎಣ್ಣೆಗಾಯಿ ಬದನೆ ಇದ್ದಿದ್ದರೆ ಅನುಮಾನಕ್ಕೆ ಕಾರಣವಿದೆ. ನಿಮ್ಮಲ್ಲಿರುವ ಅತಿ ಹಳೆಯ ಪೊಟ್ಟಣದಿಂದ ಎಂಟು ಹತ್ತು ಸಸಿ ಎಬ್ಬಿಸಿ. ತೆಳು ಸಿಪ್ಪೆ, ದುಂಡಗಿನ ಆಕಾರ, ತಿಳಿಹಸಿರಿನ ಮೇಲೆ ಬಿಳಿ ಗೆರೆ, ತೊಟ್ಟಿನಲ್ಲಿ ಮುಳ್ಳು ಇರುವ ಕಾಯಿ ಬಿಟ್ಟ ಗಿಡಗಳನ್ನು ಮಾತ್ರ ಉಳಿಸಿ, ನೇರಳೆ ಛಾಯೆ ಕಂಡ ಗಿಡವನ್ನು ತೆಗೆದುಹಾಕಿ. ಉಳಿದ ಗಿಡಗಳ ಒಂದೊಂದು ಗೊಂಚಲಿಗೆ ತೆಳು ಜಾಲರಿ ಬಟ್ಟೆಯ ಚೀಲ ಕಟ್ಟಿ, ಬೆಳಿಗ್ಗೆ ಕೊಂಬೆಯನ್ನು ಬೆರಳಿನಿಂದ ತಟ್ಟಿ. ಕಾಯಿ ಹಳದಿಗೆ ತಿರುಗಿ ಮೆತ್ತಗಾಗುವವರೆಗೆ ಕೀಳಬೇಡಿ. ಅಡುಗೆಗೆ ಕೊಯ್ಯುವ ಹದದಲ್ಲಿ ಬೀಜ ಬಲಿತಿರುವುದಿಲ್ಲ. ಮುಂದಿನ ಸಲ ಊರಿಗೆ ಹೋದಾಗ ಮಟ್ಟುವಿನ ಬೆಳೆಗಾರರಿಂದಲೇ ಒಂದಿಷ್ಟು ಬೀಜ ತನ್ನಿ, ಎರಡನ್ನೂ ಅಕ್ಕಪಕ್ಕದಲ್ಲಿ ಬೆಳೆದರೆ ಕಾಯಿಗಳೇ ಉತ್ತರ ಹೇಳುತ್ತವೆ. 2011ರಲ್ಲಿ ಮಟ್ಟು ಗುಳ್ಳಕ್ಕೆ ಭೌಗೋಳಿಕ ಸೂಚಿಕೆ ಸಿಕ್ಕಿದೆ. ಆದ್ದರಿಂದ ಡೊಂಬಿವಲಿಯಲ್ಲಿ ಬೆಳೆದದ್ದನ್ನು ಆ ಹೆಸರಿನಲ್ಲಿ ಮಾರುವಂತಿಲ್ಲ, ಬೆಳೆದು ಉಣ್ಣಲು ಯಾವ ಅಡ್ಡಿಯೂ ಇಲ್ಲ. ಆ ಹದದ ಮಣ್ಣು ಮತ್ತು ನೀರಿಲ್ಲದೆ ರುಚಿ ಪೂರ್ತಿ ಹಾಗೆಯೇ ಬರಲಿಕ್ಕಿಲ್ಲ. ಈ ಸಂಕ್ರಾಂತಿಗೆ ಗುಳ್ಳದ ಬೀಜ ಕೊಡಬೇಡಿ, ಮುಂದಿನ ವರ್ಷಕ್ಕೆ ಇಡಿ.